ಕಸ್ತೂರಿಯ ಮನೆಯ ಥಂಡಿ

ಕಸ್ತೂರಿಯ ಮನೆಗೆ ಹಿಮ ಬಂದ ವರ್ಷ ನನ್ನ ಮಲ್ಲಿಗೆ ಒಂದು ದಿನವೂ ಬಾಡಲಿಲ್ಲ. ಹೂ ಮಾರುವವಳಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇರೆ ಯಾವುದಿದೆ? ನಮ್ಮೂರ ಬಿಸಿಲಿನಲ್ಲಿ ಬೆಳಿಗ್ಗೆ ಕಟ್ಟಿದ ಮಾಲೆ ಮಧ್ಯಾಹ್ನದ ಹೊತ್ತಿಗೆ ಸೋಸಿ ಬಿಸಾಕಿದ ಚಹಾಪುಡಿಯ ಹಾಗೆ ಆಗಿರುತ್ತದೆ. ಬೇಸಿಗೆಯಲ್ಲಿ ನಾಯಿಗಳು ಸಹ ಗೋಡೆಯ ನೆರಳು ಹಿಡಿದು ಒಂದರ ಹಿಂದೊಂದು ನಡೆಯುತ್ತವೆ. ಅಂಥ ಊರಿನಲ್ಲಿ, ನನ್ನ ಮನೆಯಿಂದ ಕೂಗಳತೆ ದೂರದಲ್ಲಿ, ಒಂದು ಮನೆಯ ಜಂತಿಯಿಂದ ಹಿಮ ಉದುರತೊಡಗಿದರೆ ನಾನಾದರೂ ಏನು ಮಾಡಬೇಕು? ಬುಟ್ಟಿ ತೆಗೆದುಕೊಂಡು ಹೋದೆ. ಎಲ್ಲರೂ ಹೋದರು.

ನಮ್ಮೂರಿನಿಂದ ಮಿಲಿಟರಿಗೆ ಹೋದವರು ಬಹಳ. ನೌಕರಿ ಮುಗಿಸಿ ಬರುವಾಗ ಅವರು ಕಬ್ಬಿಣದ ಟ್ರಂಕಿನ ಜೊತೆಗೆ ತಾವು ಇದ್ದ ಜಾಗದ ಹವಾ ಸಹ ತರುತ್ತಾರೆ. ಅದು ಅವರ ಬೆನ್ನಿಗೇ ಹೊಸ್ತಿಲು ದಾಟಿ ಮನೆಯೊಳಗೆ ಕೂತುಬಿಡುತ್ತದೆ. ದಟ್ಟ ಕಾಡಿನಲ್ಲಿ ಇದ್ದು ಬಂದವನ ಮನೆಯಲ್ಲಿ ಬಟ್ಟೆ ಒಣಗುವುದಿಲ್ಲ, ದೇವರ ಫೋಟೋದ ಹಿಂದೆ ಜಿಗಣೆ ಸಿಗುತ್ತದೆ. ಹಡಗಿನಲ್ಲಿ ಇದ್ದು ಬಂದವನ ಮನೆಯಲ್ಲಿ ನೆಲ ಮೆಲ್ಲಗೆ ತೂಗುತ್ತದೆ, ಅವನ ತಾಯಿ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ. ಬೀದಿಗೆ ಬಂದರೆ ಮಾತ್ರ ಎಲ್ಲರಿಗೂ ಅದೇ ಹಳೆಯ ಬಿಸಿಲು. ಇನ್ನೊಂದು ಏನೆಂದರೆ, ಹವಾ ತಂದವರಿಗೆ ಅದು ತಟ್ಟುವುದೇ ಇಲ್ಲ. ಒದ್ದೆ ಹಾಸಿಗೆಯಲ್ಲಿ ಅವನು ಆರಾಮಾಗಿ ಗೊರಕೆ ಹೊಡೆಯುತ್ತಾನೆ, ಪಕ್ಕದಲ್ಲಿ ಮಲಗಿದವಳು ಕೆಮ್ಮುತ್ತಾಳೆ.

ಹವಾ ಬಂದ ಮನೆಗಳಿಗೆ ಎರಡು ಕಟ್ಟಳೆ ಇವೆ. ಮಾಡಿದವರು ಯಾರೋ ಗೊತ್ತಿಲ್ಲ, ಮುರಿದವಳು ಮಾತ್ರ ಒಬ್ಬಳೇ. ಮೊದಲನೆಯದು, ಹವಾದ ಮಾತನ್ನು ಅದನ್ನು ತಂದವರ ಎದುರು ಎತ್ತಬಾರದು. ದೇಶ ಕಾದು ಬಂದ ಜೀವ, ಇನ್ನಾದರೂ ನೆಮ್ಮದಿಯಿಂದ ಇರಲಿ ಎಂಬ ಮರ್ಯಾದೆ ಅದು. ಎರಡನೆಯದು, ಮನೆಯವರು ಒಂದು ರಾತ್ರಿಯೂ ಬೇರೆ ಕಡೆ ಮಲಗಬಾರದು. ಹವಾಕ್ಕೆ ಹೊರುವವರು ಬೇಕು. ಹೊರುವವರು ಇಲ್ಲದಿದ್ದರೆ ಅದು ತಂದವರ ಮೈಯೊಳಗೇ ಇಳಿಯುತ್ತದೆ, ಇಳಿದರೆ ಆ ಜೀವ ಉಳಿಯುವುದಿಲ್ಲ. ಕೆರೆ ಓಣಿಯ ಪರಸಪ್ಪನ ಹೆಂಡತಿ ಹೆರಿಗೆಗೆಂದು ತವರಿಗೆ ಹೋದಳು, ಪರಸಪ್ಪ ಸತ್ತ. ಅವನಿಗೆ ಮೊದಲಿನಿಂದಲೂ ಎದೆ ಬೇನೆ ಇತ್ತು ಎನ್ನುವವರೂ ಇದ್ದಾರೆ. ಆದರೆ ಎದೆ ಬೇನೆಯ ಕಥೆಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಊರು ಪರಸಪ್ಪನ ಹೆಂಡತಿಯನ್ನು ನೆನಪಿಟ್ಟುಕೊಂಡಿತು. ಅಂದಿನಿಂದ ಹವಾ ಮನೆಯ ಹೆಂಗಸರು ಸ್ವಂತ ತಂಗಿಯ ಮದುವೆಗೂ ಅಕ್ಷತೆ ಹಾಕಿ ಅದೇ ದಿನ ಬಸ್ಸು ಹತ್ತುತ್ತಾರೆ.

ಕಸ್ತೂರಿಯ ಗಂಡ ಅಡಿವೆಪ್ಪ ಹಿಮದ ಗುಡ್ಡಗಳ ಮೇಲೆ ಕಾವಲಿದ್ದ ಹವಾಲ್ದಾರ. ಅವನು ಬಂದ ದಿನ ನಾನೇ ಹಾರ ಕಟ್ಟಿ ಕೊಟ್ಟಿದ್ದೆ. ಆರತಿ ಎತ್ತಿದೆವು, ಅವನು ಬಲಗಾಲಿಟ್ಟು ಒಳಗೆ ಹೋದ, ಆರತಿಯ ದೀಪ ತಟ್ಟನೆ ಆರಿತು. ಸಂಜೆಯಷ್ಟರಲ್ಲಿ ಕೊಡದ ನೀರಿನ ಮೇಲೆ ಕೆನೆಯ ಹಾಗೆ ಮಂಜು ಕಟ್ಟಿತ್ತು. ಮದುವೆಯಾದಾಗಿನಿಂದ ಕಸ್ತೂರಿ ಗಂಡನನ್ನು ಕಂಡಿದ್ದು ರಜೆಯಲ್ಲಿ ಮಾತ್ರ. ರಜೆಯ ಗಂಡ ನಗುತ್ತಿದ್ದ, ಸಂತೆಗೆ ಕರೆದುಕೊಂಡು ಹೋಗುತ್ತಿದ್ದ, ಮಗಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ. ಈಗ ಮಗಳು ಮದುವೆಯಾಗಿ ಹೋಗಿದ್ದಳು, ರಜೆಯೂ ಮುಗಿದಿತ್ತು. ಮನೆಗೆ ಬಂದ ಗಂಡ ಬೆಳಗಾದರೆ ಹಾಸಿಗೆಯನ್ನು ಇಟ್ಟಿಗೆಯ ಹಾಗೆ ಚೌಕಾಗಿ ಮಡಿಸಿ, ಬನಿಯನ್ನಿನಲ್ಲಿ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದ. ಕೇಳಿದ್ದಕ್ಕೆಲ್ಲ ಅವನ ಉತ್ತರ ಒಂದೇ: “ಆರಾಮ ಅದೀನಿ.”

ಕಂಡವರ ಮನೆಯ ಬೆಂಕಿಯಲ್ಲಿ ಮೈ ಕಾಯಿಸಿಕೊಳ್ಳುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ನಾವು ಕಂಡವರ ಮನೆಯ ಥಂಡಿಯಲ್ಲಿ ಮೈ ತಂಪು ಮಾಡಿಕೊಂಡೆವು. ನನ್ನ ಹೂವಿನ ಬುಟ್ಟಿಗಳು ಪಡಸಾಲೆಯ ಮೂಲೆಯಲ್ಲಿ ಇರುತ್ತಿದ್ದವು. ಹಾಲಿನವನ ಕ್ಯಾನು, ಮದುವೆ ಮನೆಯವರ ಶ್ರೀಖಂಡದ ಡಬರಿ, ಜ್ವರ ಬಂದ ಕೂಸಿನ ಹಣೆಗೆ ಹಾಕುವ ಪಟ್ಟಿ, ಎಲ್ಲಕ್ಕೂ ಅದೇ ಮನೆ. ಕಟ್ಟಳೆ ಇತ್ತಲ್ಲ, ಥಂಡಿಗಾಗಿ ಬಂದೆವು ಎಂದು ಹೇಳುವ ಹಾಗಿಲ್ಲ. ಹಾಗಾಗಿ ಎಲ್ಲರೂ “ಅಡಿವೆಪ್ಪನ್ನ ಮಾತಾಡಿಸಿ ಹೋಗೂನು ಅಂತ ಬಂದ್ವಿ” ಎನ್ನುತ್ತಿದ್ದೆವು. ಅಡಿವೆಪ್ಪ ಖುರ್ಚಿ ಹಾಕುತ್ತಿದ್ದ, “ಬರ್ರಿ, ಕುಂದ್ರಿ” ಎನ್ನುತ್ತಿದ್ದ. ಅಷ್ಟು ಮಂದಿ ತನ್ನನ್ನು ಕಾಣಲು ಬರುತ್ತಾರೆ ಎಂಬ ಸಮಾಧಾನ ಅವನ ಮುಖದ ಮೇಲೆ ಇರುತ್ತಿತ್ತು. ನಾನು ಒಂದು ಗಳಿಗೆ ಕೂತು, ಅವನೊಡನೆ ಮಳೆ ಬೆಳೆಯ ಮಾತಾಡಿ, ನಡುಗುವ ಮುನ್ನ ಎದ್ದು ಬರುತ್ತಿದ್ದೆ.

ಕಸ್ತೂರಿಗೆ ಎದ್ದು ಬರುವ ಹಾಗೆ ಇರಲಿಲ್ಲ. ಗಂಡ ಏಳುವ ಮುನ್ನ ಎದ್ದು ಅವಳು ಮೆಟ್ಟಿಲ ಮೇಲಿನ ಮಂಜು ಕೆರೆದು ಹಾಕುತ್ತಿದ್ದಳು, ಅವನ ತಂಬಿಗೆಯ ನೀರನ್ನು ಒಲೆಯ ಬಳಿ ಇಟ್ಟು ಕರಗಿಸುತ್ತಿದ್ದಳು, ಹಿಮ ಬಿದ್ದ ನೆಲವನ್ನು ಹಳೆಯ ಗೋಣಿಯಿಂದ ಒರೆಸಿ ಏನೂ ಆಗಿಲ್ಲ ಎಂಬಂತೆ ಮಾಡುತ್ತಿದ್ದಳು. ಒಂದರ ಮೇಲೊಂದು ಎರಡು ಸ್ವೆಟರು, ತಲೆಗೆ ಮಫ್ಲರು. “ಯಾಕ ಇಷ್ಟು ಉಡಕೊಂಡೀ?” ಎಂದು ಅವನು ಒಮ್ಮೆ ಕೇಳಿದ್ದನಂತೆ. “ನೆಗಡಿ ಆಗೈತ್ರಿ” ಎಂದಳಂತೆ. ಆ ನೆಗಡಿ ವರ್ಷ ಕಳೆದರೂ ವಾಸಿಯಾಗಲಿಲ್ಲ, ಅವನು ಮತ್ತೆ ಕೇಳಲೂ ಇಲ್ಲ.

ಈ ನಡುವೆ ನಿವೃತ್ತ ಸೈನಿಕರ ಯೋಗಕ್ಷೇಮ ವಿಚಾರಿಸಲು ಹೊರಗಿನಿಂದ ಒಬ್ಬ ಸಾಹೇಬರು ಬಂದಿದ್ದರು. ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಬೇಕು. ಊರಿನವರು ಮೊದಲೇ ಹೇಳಿದ್ದರಿಂದ ಕೋಟು ಹಾಕಿಕೊಂಡೇ ಬಂದಿದ್ದರು. ಖುರ್ಚಿಯ ತುದಿಯಲ್ಲಿ ಕೂತು ಅಡಿವೆಪ್ಪನಿಗೆ ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಕೆಟ್ಟ ಕನಸು ಬೀಳುತ್ತವೆಯೇ ಎಂದು ಸಮಾಧಾನದಿಂದ ಕೇಳಿದರು. ಅಡಿವೆಪ್ಪ ಎಲ್ಲಕ್ಕೂ “ಆರಾಮ ಅದೀನಿ ಸರ್” ಎಂದ. ಸಾಹೇಬರು ಕಸ್ತೂರಿ ತಂದ ಚಹಾವನ್ನು ಹೆಪ್ಪುಗಟ್ಟುವ ಮುನ್ನ ಗಟಗಟ ಕುಡಿದು, “ಮನೆಯವರ ಸಹಕಾರ ಬಹಳ ಮುಖ್ಯ ನೋಡಿ ಅಮ್ಮಾ” ಎಂದರು. ಕಸ್ತೂರಿ “ಹೂಂರಿ” ಎಂದಳು. ಸಾಹೇಬರು ಸೀನುತ್ತಾ ಜೀಪು ಹತ್ತಿದರು.

ಕಸ್ತೂರಿ ಬಸ್‌ಸ್ಟ್ಯಾಂಡಿನ ಖಾನಾವಳಿಗೆ ರೊಟ್ಟಿ ಮಾಡಿಕೊಡುತ್ತಿದ್ದಳು. ಅಡಿವೆಪ್ಪ ಗುಡ್ಡದ ಮೇಲಿದ್ದಾಗಿನಿಂದಲೂ ಅದೇ ಅವಳ ಕೆಲಸ, ಅದೇ ಅವಳ ಹೆಮ್ಮೆ. ಅವಳ ರೊಟ್ಟಿ ಹಂಚಿನ ಮೇಲೆ ಉಬ್ಬಿದರೆ ಅಂಚು ಒಂದೂ ಸೀಳುತ್ತಿರಲಿಲ್ಲ. ಥಂಡಿ ಬಂದ ಮೇಲೆ ಎಸರು ಹಿಟ್ಟಿಗೆ ಬೀಳುವ ಮುನ್ನವೇ ಆರತೊಡಗಿತು, ಹಿಟ್ಟು ನಾದಿದರೂ ಜಿಗಿ ಬರಲಿಲ್ಲ. ಆಮೇಲೆ ಬೆರಳುಗಳು ಮಾತು ಕೇಳದಾದವು. ತುದಿ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಚಿವುಟಿದರೂ ತಿಳಿಯುತ್ತಿರಲಿಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ನಾನು ಬುಟ್ಟಿ ಒಯ್ಯಲು ಹೋದಾಗ ಅವಳು ಒಲೆಯ ಮುಂದೆ ಇದ್ದಳು, ಅಡಿವೆಪ್ಪ ಎದುರಿಗೆ ಕೂತು ಉಣ್ಣುತ್ತಿದ್ದ. ರೊಟ್ಟಿಯ ಮೇಲೆ ನೀರು ಸವರಲು ಹೋದ ಅವಳ ಅಂಗೈ ಕಾದ ಹಂಚಿಗೆ ತಾಗಿತು, ತಾಗಿ ಅಲ್ಲೇ ನಿಂತಿತು. ಅವಳು ನನ್ನ ಕಡೆ ತಿರುಗಿ ಏನೋ ಮಾತಾಡುತ್ತಲೇ ಇದ್ದಳು. ಸುಟ್ಟ ವಾಸನೆ ಬಂದ ಮೇಲೆ ನಾನೇ ಕಿರುಚಿದೆ.

“ಕಸ್ತೂರಿ, ಕೈ! ಕೈ ತಗೀ ಬೇ!”

ಅವಳು ಕೈ ತೆಗೆದು ನೋಡಿಕೊಂಡಳು, ಬೇರೆ ಯಾರದೋ ಕೈಯನ್ನು ನೋಡಿದ ಹಾಗೆ. ಅಡಿವೆಪ್ಪ ತಲೆ ಎತ್ತಿ, “ರೊಟ್ಟಿ ಸೀದ ವಾಸನಿ ಬರಾಕತ್ತೈತಿ” ಎಂದು ಮತ್ತೆ ಉಣ್ಣತೊಡಗಿದ. ನನಗೆ ಸಿಟ್ಟು ಬಂತು. ಆದರೆ ಅವನ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಮಗ್ಗುಲಿನವರ ಮನೆಯಲ್ಲಿ ಹಾಲು ಉಕ್ಕಿದರೆ ನಾವು ಹೇಗೆ ತಲೆ ಎತ್ತಿ ಸುಮ್ಮನಾಗುತ್ತೇವೋ ಹಾಗೆ ಇತ್ತು.

ಹವಾ ಮನೆಯ ಹೆಂಗಸರಿಗೆ ಒಂದು ಜಾಗ ಇದೆ. ಹಳೆಯ ಹತ್ತಿ ಗಿರಣಿಯ ಕಟ್ಟೆ. ನಡು ಮಧ್ಯಾಹ್ನ, ಊರೆಲ್ಲ ಬಾಗಿಲು ಹಾಕಿಕೊಂಡು ಬಿದ್ದಿರುವಾಗ ಅವರು ಅಲ್ಲಿ ಸುಡುಬಿಸಿಲಿಗೆ ಕೂರುತ್ತಾರೆ. ಕಾಡಿನ ಹವಾದವಳು ಒದ್ದೆ ಬಟ್ಟೆ ಹರವುತ್ತಾಳೆ, ಹಡಗಿನವನ ತಾಯಿ ಅಲುಗಾಡದ ಕಲ್ಲಿನ ಮೇಲೆ ಕಾಲು ಊರಿ ಕಣ್ಣು ಮುಚ್ಚುತ್ತಾಳೆ. ಜಿಗಣೆಗೆ ಉಪ್ಪು ಒಳ್ಳೆಯದೋ ಸುಣ್ಣವೋ ಎಂಬ ಮಾತು ನಡೆಯುತ್ತದೆ. ಯಾರೂ ಯಾರಿಗೂ ಸಮಾಧಾನ ಹೇಳುವುದಿಲ್ಲ. ಊರಿನವರು ಅದಕ್ಕೆ ಹುಚ್ಚರ ಕಟ್ಟೆ ಎನ್ನುತ್ತಾರೆ. ನನಗೆ ಹವಾ ಇಲ್ಲ, ಗಂಡನೂ ಇಲ್ಲ, ಆದರೂ ಆ ದಿನ ಕಸ್ತೂರಿಯನ್ನು ರಟ್ಟೆ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ.

ಅವಳ ಅಂಗೈ ನೋಡಿ ಎಲ್ಲರೂ ಸುಮ್ಮನಾದರು. ಫಕೀರವ್ವ ಮಾತ್ರ ಸುಮ್ಮನಾಗುವ ಪೈಕಿ ಅಲ್ಲ. ಅವಳ ಮಗಳು ಶಕುಂತಲಾ ಮಿಲಿಟರಿಯಲ್ಲಿ ನರ್ಸ್ ಆಗಿದ್ದವಳು, ಮರಳುಗಾಡಿನ ಆಸ್ಪತ್ರೆಯಿಂದ ಬಂದವಳು. ಹೀಗಾಗಿ ಅವರ ಮನೆಯಲ್ಲಿ ಯಾವಾಗಲೂ ಬಿಸಿ ಗಾಳಿ, ನೆಲದ ಮೇಲೆ ಗೇಣುದ್ದ ಮರಳು. ಮುದುಕಿಯ ಗಂಟಲು ಒಣಗಿ ದನಿ ಕಾಗೆಯಂತಾಗಿತ್ತು, ಕಣ್ಣು ಸದಾ ಕೆಂಪು.

“ನನಗ ತಂಪು ಬೇಕಾಗೇತಿ, ನಿನಗ ಬಿಸಿ ಬೇಕಾಗೇತಿ,” ಎಂದಳು ಫಕೀರವ್ವ. “ನಾ ನಿನ್ನ ಮನ್ಯಾಗ ಇರ್ತೀನಿ, ನೀ ನನ್ನ ಮನ್ಯಾಗ ಇರು. ಅಮಾಸಿ ಆದ ಮರುದಿನದಿಂದ ಹುಣ್ಣಿವಿ ತನಕಾ.”

ಹಡಗಿನವನ ತಾಯಿ ಕಣ್ಣು ಬಿಟ್ಟಳು. “ಮನಿಯವರ ಇಲ್ಲದಿದ್ರ ಹವಾ ಮೈಯಾಗ ಇಳೀತೈತಿ. ಪರಸಪ್ಪಂದು ಮರ್ತೀಯೇನ?”

“ಮನ್ಯಾಗ ಒಬ್ರು ಮಲಗಿದ್ರ ಆತಿಲ್ಲೋ? ಹವಾ ಏನು ರೇಷನ್ ಕಾರ್ಡ ನೋಡ್ತೈತೇನು, ಇಕಿ ಯಾರ ಹೇಣ್ತಿ, ಇಕಿ ಯಾರ ತಾಯಿ ಅಂತ?”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ. ಕೇಳಲು ಚೆನ್ನಾಗಿತ್ತು. ಕಸ್ತೂರಿ ಮಾತ್ರ ತನ್ನ ಅಂಗೈ ನೋಡುತ್ತಾ ಕೂತಳು. ಆಮೇಲೆ ನನಗೆ ಹೇಳಿದಳು: ಆ ಕಟ್ಟೆಯ ಮೇಲೆ ಅವಳ ಮನಸ್ಸಿನಲ್ಲಿ ಎರಡೇ ಇದ್ದವು. ಹೋದರೆ ಗಂಡ ಸಾಯಬಹುದು. ಹೋಗದಿದ್ದರೆ ಕೈ ಸಾಯುತ್ತದೆ. ಗಂಡನದು ಸಂಶಯ, ಕೈಯದು ಖಾತ್ರಿ. ಹೀಗೆ ತೂಗಿ ನೋಡಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಕೆಯಾಯಿತಂತೆ. ಆದರೂ “ಆತು” ಎಂದಳು.

ಶಕುಂತಲಾಗೆ ಮೈಯಲ್ಲಿ ಸರಿಯಿಲ್ಲ, ಕಸ್ತೂರಿ ಅಲ್ಲಿ ಅಡುಗೆಗೆ ಹೋಗುತ್ತಾಳೆ, ಫಕೀರವ್ವ ಇಲ್ಲಿ ಮಾಡಿ ಹಾಕುತ್ತಾಳೆ ಎಂದು ಅಡಿವೆಪ್ಪನಿಗೆ ಹೇಳಿದೆವು. ಯಾರಾದರೂ ಸ್ವಲ್ಪ ಯೋಚಿಸಿದ್ದರೆ ಇದರಲ್ಲಿ ಅರ್ಥವಿಲ್ಲ ಎಂದು ತಿಳಿಯುತ್ತಿತ್ತು. ಅಡಿವೆಪ್ಪ ಯೋಚಿಸಲಿಲ್ಲ. “ಹೂಂ. ಹೋಗಿ ಬಾ” ಎಂದ. ಕಸ್ತೂರಿ ಹೊಸ್ತಿಲಲ್ಲಿ ನಿಂತು ಅವನ ಮುಖ ನೋಡಿದಳು. ಸೀರೆಯ ಗಂಟು ಎತ್ತಿಕೊಂಡು ಹೊರಟಳು. ದಾರಿಯುದ್ದಕ್ಕೂ ಅತ್ತಳು.

ಫಕೀರವ್ವನ ಮನೆಯಲ್ಲಿ ಮೊದಲ ದಿನ ಅವಳು ಮಾಡಿದ್ದು ಒಂದೇ ಕೆಲಸ. ಪಡಸಾಲೆಯ ಬಿಸಿ ಮರಳಿನಲ್ಲಿ ಎರಡೂ ಕೈ ಮೊಣಕೈ ತನಕ ಹೂತು ಕೂತಳು. ನಾನು ನೋಡಲು ಹೋದಾಗ ಹಾಗೇ ಕೂತಿದ್ದಳು, ಶೇಂಗಾ ಹುರಿಯಲು ಹಾಕಿದ ಹಾಗೆ. ಶಕುಂತಲಾ ಮೂಲೆಯಲ್ಲಿ ಕೂತು ಖಾಲಿ ಗೋಡೆ ನೋಡುತ್ತಿದ್ದಳು. ಬಹಳ ಹೊತ್ತಿನ ನಂತರ ಕಸ್ತೂರಿಯ ಬೆರಳುಗಳಲ್ಲಿ ಜುಮುಜುಮು ಶುರುವಾಯಿತು, ಆಮೇಲೆ ಉರಿ. ಸುಟ್ಟ ಅಂಗೈ ನೋಯತೊಡಗಿತು. ನೋವು ತಡೆಯಲಾರದೆ “ಯವ್ವಾ” ಎಂದು ಕೂಗಿ, ಕೂಗಿದ್ದಕ್ಕೆ ನಕ್ಕಳು. ಆ ಕೂಗಿಗೆ ಶಕುಂತಲಾ ಎದ್ದು ಬಂದಳು. ಟ್ರಂಕಿನಿಂದ ಮುಲಾಮು, ಬಟ್ಟೆ ತೆಗೆದು ಅಚ್ಚುಕಟ್ಟಾಗಿ ಪಟ್ಟಿ ಕಟ್ಟಿದಳು, ಮತ್ತೆ ಮೂಲೆಗೆ ಹೋದಳು. ಆ ರಾತ್ರಿ ಕಸ್ತೂರಿ ಸ್ವೆಟರು ಬಿಚ್ಚಿ ಮಲಗಿದಳು. ಹಲ್ಲಿನಲ್ಲಿ ಮರಳು ಕರಕರ ಎನ್ನುತ್ತಿದ್ದರೂ ಅಷ್ಟು ಚಂದದ ನಿದ್ದೆ ತನಗೆ ಯಾವತ್ತೂ ಬಂದಿರಲಿಲ್ಲ ಎಂದಳು. ಬೆಳಗಾದ ಕೂಡಲೇ ಅವಳು ನನ್ನನ್ನು ಕೇಳಿದ್ದು ಗಂಡನ ಬಗ್ಗೆ. “ಉಸರಾಡಾಕತ್ತಾನ” ಎಂದೆ ನಾನು.

ಇತ್ತ ಫಕೀರವ್ವ. ಮೊದಲ ದಿನ ತಂಪಿಗೆ ಅವಳ ಜೀವ ಹಿಗ್ಗಿತು. ಹಿಮದ ಮೇಲೆ ಬರಿಗಾಲಲ್ಲಿ ತಿರುಗಾಡಿದಳು, ಕಣ್ಣಿಗೆ ಹಿಮ ಒತ್ತಿಕೊಂಡಳು. ಎರಡನೇ ದಿನ ಸೀನಿದಳು. ಮೂರನೇ ದಿನ ಅವಳ ಬಾಯಿ ಬಿಚ್ಚಿತು. ನಮ್ಮ ತಪ್ಪು ಏನೆಂದರೆ, ಎರಡನೇ ಕಟ್ಟಳೆಗೆ ಉಪಾಯ ಹುಡುಕುವ ಭರದಲ್ಲಿ ಮೊದಲನೆಯದನ್ನು ಅವಳಿಗೆ ನೆನಪಿಸಲಿಲ್ಲ. ತನ್ನ ಮನೆಯಲ್ಲಿ, ಹೆತ್ತ ಮಗಳ ಎದುರು, ಫಕೀರವ್ವ ಮರಳಿನ ಬಗ್ಗೆ ತುಟಿ ಬಿಚ್ಚಿದವಳಲ್ಲ. ಆದರೆ ಇದು ಅವಳ ಮನೆಯಲ್ಲ, ಇವನು ಅವಳ ಮಗನಲ್ಲ, ಈ ಥಂಡಿಯ ಮೇಲೆ ಅವಳಿಗೆ ಯಾವ ಮಮತೆಯೂ ಇರಲಿಲ್ಲ. ನಾನು ಬುಟ್ಟಿ ಇಡಲು ಹೋದಾಗ ಅವಳು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದ್ದು, ಒಲೆಗೆ ಆತುಕೊಂಡು ಕೂತು ಅರಚುತ್ತಿದ್ದಳು.

“ಅಯ್ಯಯ್ಯೋ ಏನ್ ಥಂಡೀನೋ ಯಪ್ಪಾ! ಇದೇನ್ ಮನೀನೋ ಸುಡಗಾಡೋ! ಏ ತಮ್ಮಾ, ಬನೇನ್ ಮ್ಯಾಲ ಕುಂತೀಯಲ್ಲೋ, ಆ ಬಾಗಲಾ ಹಾಕು, ಕಟಿಗಿ ತಾ, ನನ್ನ ಎಲವು ಸೆಟೆದು ಹೋದ್ವು!”

ಬುಟ್ಟಿ ನನ್ನ ಕೈಯಿಂದ ಜಾರಿತು. ನಾನು ಕಣ್ಣು ಸನ್ನೆ ಮಾಡಿದೆ, ತುಟಿ ಕಚ್ಚಿದೆ. ಮುದುಕಿಗೆ ಕಾಣಲಿಲ್ಲ.

ಅಡಿವೆಪ್ಪ ಅವಳನ್ನೇ ನೋಡಿದ. “ಯಾವ ಥಂಡಿ?” ಎಂದ.

“ಯಾವ ಥಂಡಿ ಅಂತಾನಲ್ಲವ್ವಾ ಇಂವ! ಆ ಕೊಡದಾಗ ನೋಡು. ಆ ಗ್ವಾಡಿ ನೋಡು. ನಿನ್ನ ಮೀಸಿ ಮ್ಯಾಲ ನೋಡ್ಕೋ!”

ಅವನು ಎದ್ದು ಹೋಗಿ ಕೊಡದಲ್ಲಿ ಬೆರಳು ಇಟ್ಟ. ಬೆರಳು ಒಳಗೆ ಹೋಗಲಿಲ್ಲ. ಗೋಡೆ ಮುಟ್ಟಿದ. ಜಂತಿಗಳತ್ತ ನೋಡಿದ. ಆಮೇಲೆ ಪಡಸಾಲೆಯ ಮೂಲೆ ನೋಡಿದ, ಅಲ್ಲಿ ನನ್ನ ಬುಟ್ಟಿಗಳು, ಹಾಲಿನ ಕ್ಯಾನು, ಯಾರದೋ ಮೊಸರಿನ ಗಡಿಗೆ. ಅವನು ಒಂದೊಂದನ್ನೂ ನಿಧಾನವಾಗಿ ನೋಡಿ ನನ್ನ ಕಡೆ ತಿರುಗಿದ.

“ನೀವೆಲ್ಲಾರೂ ಇದಕ್ಕ ಬರತಿದ್ರೇನು?”

ಹೂವಿನ ಬುಟ್ಟಿಯನ್ನು ಸೀರೆಯಲ್ಲಿ ಮುಚ್ಚಿಕೊಳ್ಳಲು ಆಗುವುದಿಲ್ಲ. “ನಿನ್ನೂ ನೋಡಿಧಂಗ ಆಗತಿತ್ತು ತಮ್ಮಾ” ಎಂದೆ. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನ ಗಲ್ಲ ಸಣ್ಣಗೆ ಅದುರತೊಡಗಿತ್ತು. ಆಮೇಲೆ ಭುಜ, ಆಮೇಲೆ ಮೊಣಕಾಲು. ಹಲ್ಲು ಕಟಕಟ ಎನ್ನತೊಡಗಿದವು. ಎರಡೂ ಕೈಯಿಂದ ತನ್ನನ್ನೇ ಅಪ್ಪಿಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಾಗಿಲು ದಾಟಿ ಬೀದಿಗೆ ಇಳಿದ.

ಕಲ್ಲು ಸೀಳುವ ಬಿಸಿಲು. ಆ ಬಿಸಿಲಿನಲ್ಲಿ ಆರಡಿ ಹವಾಲ್ದಾರ ಗಡಗಡ ನಡುಗುತ್ತಾ ನಡೆದು ಹೋದದ್ದನ್ನು ನಮ್ಮೂರು ಇನ್ನೂ ಹೇಳುತ್ತದೆ. ಮುಚ್ಚಿದ ಬಾಗಿಲುಗಳೆಲ್ಲ ತೆರೆದವು. “ಹವಾ ಇಳೀತು! ಹವಾ ಮೈಯಾಗ ಇಳೀತು!” ಎಂದು ಹೆಂಗಸರು ಬಾಯಿ ಬಡಿದುಕೊಂಡರು. ಹುಚ್ಚರ ಕಟ್ಟೆಯವರೂ ಓಡಿ ಬಂದರು. ನಾನು ಅವನ ಹಿಂದೆ ಇದ್ದೆ, ನನ್ನ ಹಿಂದೆ ಓಣಿಗೆ ಓಣಿಯೇ ಇತ್ತು. ಅವನು ನೆಟ್ಟಗೆ ಫಕೀರವ್ವನ ಮನೆಯ ಮುಂದೆ ನಿಂತು ಕೂಗಿದ.

“ಕಸ್ತೂರಿ!”

ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಆ ದಿನ ಮೊದಲ ಬಾರಿ ಹಿಟ್ಟು ಅವಳ ಮಾತು ಕೇಳಿತ್ತಂತೆ. ಗಂಡನನ್ನು ನೋಡಿ ಅವಳ ಮುಖ ಬಿಳಿಚಿತು.

“ಥಂಡಿ, ಕಸ್ತೂರಿ,” ಎಂದ ಅಡಿವೆಪ್ಪ. ಹಲ್ಲಿನ ನಡುವೆ ಮಾತು ತುಂಡಾಗುತ್ತಿತ್ತು. “ಭಾಳ ಥಂಡಿ.”

ಹಡಗಿನವನ ತಾಯಿ ಕಸ್ತೂರಿಯ ತೋಳು ಹಿಡಿದಳು. “ನಡಿಯವ್ವಾ ಮನೀಗೆ. ಈಗಿಂದೀಗ ಹೋಗಿ ಒಳಗ ಕುಂದ್ರು, ಹವಾ ನಿನ್ನ ಮ್ಯಾಲ ಬರ್ತೈತಿ. ಇಲ್ಲಂದ್ರ ಇಂವ ಉಳಿಯೂದಿಲ್ಲ.” ಎಲ್ಲರೂ ಅದನ್ನೇ ಹೇಳಿದರು. ಹೋಗು, ಬೇಗ ಹೋಗು, ಕುಂಕುಮ ಉಳಿಸಿಕೋ. ಒಬ್ಬಳು ಅವಳ ಸೀರೆಯ ಗಂಟನ್ನೂ ಒಳಗಿನಿಂದ ತಂದು ಕೈಗೆ ಕೊಟ್ಟಳು. ನಾನೂ ಹೇಳಿದೆ. ಹೆದರಿಕೆಯಾಗಿತ್ತು, ಪರಸಪ್ಪನ ನೆನಪು ನನಗೂ ಇತ್ತು. ಕಸ್ತೂರಿ ಗಂಟು ಹಿಡಿದು ಒಂದು ಹೆಜ್ಜೆ ಇಟ್ಟಳು.

ಆಗ ಬಾಗಿಲಲ್ಲಿ ಶಕುಂತಲಾ ಕಾಣಿಸಿಕೊಂಡಳು. ಊರಿಗೆ ಬಂದ ಮೇಲೆ ಅವಳ ದನಿಯನ್ನು ನಾವು ಯಾರೂ ಸರಿಯಾಗಿ ಕೇಳಿರಲಿಲ್ಲ. ಅಡಿವೆಪ್ಪನ ಬಳಿಗೆ ಬಂದು ಅವನ ಮುಂಗೈ ಹಿಡಿದಳು, ಉಗುರು ಒತ್ತಿ ನೋಡಿದಳು.

“ನಡಗಾಕತ್ತಾನಲ್ಲ, ಛಲೋ ಆತು,” ಎಂದಳು. “ಥಂಡಿ ಹತ್ತಿದಾವ ನಡಗಬೇಕು. ನಡಗೂದು ನಿಂತಾಗ ಅಂಜಬೇಕು. ಒಳಗ ಕರಕೊಂಡ ಬಾ.”

ಅಷ್ಟು ಹೇಳಿ ಒಳಗೆ ಹೋದಳು. ಕಸ್ತೂರಿ ಗಂಟನ್ನು ಮನೆ ಮುಂದಿನ ಕಟ್ಟೆಯ ಮೇಲೆ ಇಟ್ಟು, ಗಂಡನ ಕೈ ಹಿಡಿದು ಮರಳಿನ ಮನೆಯೊಳಗೆ ಕರೆದುಕೊಂಡು ಹೋದಳು. ನಾನೂ ನುಗ್ಗಿದೆ. ಉಳಿದವರು ಬಾಗಿಲ ಹೊರಗೇ ನಿಂತರು.

ಅವನನ್ನು ಒಲೆಯ ಪಕ್ಕ ಕೂರಿಸಿ ಕಾಲಿನ ಮೇಲೆ ಬಿಸಿ ಮರಳು ಎಳೆದಳು. ಆಮೇಲೆ ಏನೂ ಆಗಿಲ್ಲ ಎಂಬಂತೆ ಕೂತು ರೊಟ್ಟಿ ಬಡಿಯತೊಡಗಿದಳು. ರೊಟ್ಟಿ ಉಬ್ಬಿತು. ಅವನು ನಡುಗುವ ಕೈಯಲ್ಲಿ ಮುರಿದು ತಿಂದ. ತಿನ್ನುತ್ತಾ ಅಳತೊಡಗಿದ. ಯಾರ ಯಾರದೋ ಹೆಸರು ಹೇಳಿದ, ಗುಡ್ಡದ ಮೇಲೆ ಉಳಿದುಬಿಟ್ಟವರ ಹೆಸರು. ಅವರು ಬೆಳಗಾಗುವ ತನಕ ಮಾತಾಡುತ್ತಾ ಇರು ಎಂದಿದ್ದರಂತೆ, ಇವನು ಮಾತಾಡುತ್ತಲೇ ಇದ್ದನಂತೆ, ಬೆಳಗಾದ ಮೇಲೂ. ಕಸ್ತೂರಿ ಇನ್ನೊಂದು ರೊಟ್ಟಿ ಹಾಕಿದಳು, ಮತ್ತೊಂದು ಹಾಕಿದಳು. ಮೂರು ರೊಟ್ಟಿ ಆಗುವಷ್ಟರಲ್ಲಿ ನಡುಕ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಅವನು ಸಾಯುವುದಿಲ್ಲ ಎಂದು ನನಗೆ ಆಗ ಅನ್ನಿಸಿತು. ಶಕುಂತಲಾ ಮೂಲೆಯಲ್ಲಿ ಎಂದಿನಂತೆ ಗೋಡೆ ನೋಡುತ್ತಿದ್ದಳು. ಅವಳ ಮನೆಯ ಮರಳು ಇವತ್ತಿಗೂ ಹಾಗೇ ಇದೆ, ಎಲ್ಲರ ಕಥೆಯೂ ಒಂದೇ ಮಧ್ಯಾಹ್ನ ತಿರುಗುವುದಿಲ್ಲ.

ನೀರು ಕೊಡಲು ಚಾಚಿದ ಕಸ್ತೂರಿಯ ಕೈಯನ್ನು ಅವನು ಆಗ ನೋಡಿದ. ಪಟ್ಟಿ ಜಾರಿತ್ತು. ಅಂಗೈಯಲ್ಲಿ ಹಂಚಿನ ಗುಂಡನೆಯ ಅಂಚು ಕೆಂಪಗೆ ಎದ್ದು ಕಾಣುತ್ತಿತ್ತು.

“ಯಾವಾಗ ಆತಿದು?”

“ಅಮಾಸಿಗೆ ಮೊದಲ.”

“ನನಗ ಯಾಕ ಹೇಳಲಿಲ್ಲ?”

“ನೀವು ಎದುರಿಗೇ ಕುಂತಿದ್ರಿ,” ಎಂದಳು ಕಸ್ತೂರಿ.

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಅಷ್ಟು ನಾಟುತ್ತಿರಲಿಲ್ಲ ಎಂದು ಕಾಣುತ್ತದೆ. ಅವನು ನೀರಿನ ತಂಬಿಗೆ ಹಿಡಿದುಕೊಂಡು, ಕುಡಿಯದೆ, ನೆಲ ನೋಡುತ್ತಾ ಕೂತ. ಹೊರಗೆ ಜನ ಗುಜುಗುಜು ಎನ್ನುತ್ತಿದ್ದರು. ಕೊನೆಗೆ ಎದ್ದು ನಿಂತು, “ನಡಿ, ಮನೀಗೆ ಹೋಗೂನು” ಎಂದ.

ಕಸ್ತೂರಿ ಏಳಲಿಲ್ಲ. “ಹುಣ್ಣಿವಿ ಇನ್ನೂ ಬಂದಿಲ್ರಿ” ಎಂದಳು.

“ಅಲ್ಲಿ ಭಾಳ ಥಂಡಿ ಐತಿ.”

“ಗೊತ್ತೈತ್ರಿ.”

ಅವನು ಅವಳ ಮುಖವನ್ನೇ ನೋಡಿದ. ರಜೆಯಲ್ಲಿಯೂ ಅವನು ಅವಳನ್ನು ಹಾಗೆ ನೋಡಿದ್ದು ನನಗೆ ನೆನಪಿಲ್ಲ. “ನೀ ಹೆಂಗ ಇದ್ದಿ ಇದರಾಗ?” ಎಂದು ಕೇಳಿದ. “ಇಷ್ಟು ದಿನ, ಹೆಂಗ ಇದ್ದಿ?”

ಕಸ್ತೂರಿಯ ಕಣ್ಣು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಂಡು ಎದ್ದಳು. ಗೂಟಕ್ಕೆ ಹಾಕಿದ್ದ ತನ್ನ ಎರಡೂ ಸ್ವೆಟರು ತಂದು, ಮಕ್ಕಳಿಗೆ ಹಾಕುವ ಹಾಗೆ ತಲೆಯ ಮೇಲಿಂದ ಒಂದಾದ ಮೇಲೊಂದು ಅವನಿಗೆ ತೊಡಿಸಿದಳು. ತೋಳು ಅವನ ಮೊಣಕೈ ದಾಟಲಿಲ್ಲ. ಕುತ್ತಿಗೆಗೆ ಮಫ್ಲರು ಸುತ್ತಿದಳು. ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ ಕೈಗೆ ಕೊಟ್ಟಳು.

“ಬಂದ ಮ್ಯಾಲ ಹೇಳ್ತೀನ್ರಿ, ಭಾಳ ಐತಿ ಹೇಳೂದು,” ಎಂದಳು. “ಈಗ ಹೋಗ್ರಿ. ಮುಂಜಾನೆ ಎದ್ದು ಮೊದಲ ಮೆಟ್ಟಲಾ ಕೆರೀರಿ, ಇಲ್ಲಂದ್ರ ಫಕೀರವ್ವ ಜಾರಿ ಬೀಳ್ತಾಳ. ಕೊಡದ ನೀರು ಒಲಿ ಮಗ್ಗಲಕ್ಕ ಇಡ್ರಿ. ಬಿಸಲಾಗ ನಡಕೊಂತ ಹೋಗ್ರಿ, ನೆಳ್ಳಿಗೆ ಹೋಗಬ್ಯಾಡ್ರಿ.”

ಅಡಿವೆಪ್ಪ ತಲೆ ಅಲ್ಲಾಡಿಸಿದ, ಹುಕುಂ ಕೇಳಿಸಿಕೊಂಡವನ ಹಾಗೆ. ಹೊರಗೆ ನಿಂತಿದ್ದ ಜನ ದಾರಿ ಬಿಟ್ಟರು. ಅವರೆಲ್ಲ ನೆರಳಿನ ಬದಿಗೆ ಒತ್ತರಿಸಿಕೊಂಡು ನಿಂತಿದ್ದರು, ಅವನೊಬ್ಬನೇ ಉರಿಯುವ ಬದಿಯಲ್ಲಿ, ಹೆಂಡತಿಯ ಸ್ವೆಟರು ತೊಟ್ಟು, ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡು ನಡುಗುತ್ತಾ ಹೋದ. ಅವನು ತಿರುವಿನಲ್ಲಿ ಮರೆಯಾಗುವ ತನಕ ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಕಟ್ಟೆಯ ಮೇಲಿದ್ದ ತನ್ನ ಗಂಟು ಎತ್ತಿಕೊಂಡು ಒಳಗೆ ಹೋದಳು, ಗಂಟನ್ನು ತಲೆಯ ಕೆಳಗೆ ಇಟ್ಟುಕೊಂಡು ಮರಳಿನ ಮೇಲೆ ಮಲಗಿದಳು, ಮಲಗಿದ ಕೂಡಲೇ ನಿದ್ದೆ ಹೋದಳು.